ಶಿವಪುರದ ಹನ್ನೆರಡು ಮಂಚಗಳ ಮಹಮೂದಾ

ಬೆಳಗಿನ ಐದೂವರೆ. ಶಿವಪುರದ ಹೊರಗಿರುವ ಆರೈಕೆ ಮನೆಯಲ್ಲಿ ಮಹಮೂದಾ, ಹಾಸಿಗೆ ಹಿಡಿದ ಅಂಕಮ್ಮನನ್ನು ಮೆಲ್ಲಗೆ ಮಗ್ಗುಲಾಗಿಸುತ್ತಾರೆ. ಬೆನ್ನಿನ ಹುಣ್ಣಿಗೆ ಅಂಟಿದ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಡಿಸುತ್ತಾರೆ. ರಾತ್ರಿ ಇಲ್ಲೇ ಉಳಿದಿದ್ದ ಹೊಸ ಕಾಲೇಜು ಹುಡುಗಿಯೊಬ್ಬಳು ಬೇಸಿನ್ ಹಿಡಿದು ನಿಂತವಳು ಮುಖ ತಿರುಗಿಸುತ್ತಾಳೆ.

"ವಾಸ್ನೆ ಬಂದ್ರೆ ಬಾಯಲ್ಲಿ ಉಸ್ರಾಡು. ಮುಖ ಸಿಂಡರಿಸ್ಬೇಡ ಕಣಮ್ಮ, ಅವ್ರು ನೋಡ್ತಾ ಇರ್ತಾರೆ."

ಮದ್ದೂರಿನ ಮಹಮೂದಾ ಅವರಿಗೆ ಐವತ್ತಮೂರು. ವಾಸಿಯಾಗುವುದಿಲ್ಲ ಎಂದು ಆಸ್ಪತ್ರೆಗಳು ಕೈಚೆಲ್ಲಿದವರು ಕೊನೆಯ ದಿನಗಳಿಗೆ ಇಲ್ಲಿಗೆ ಬರುತ್ತಾರೆ. ಇರುವುದು ಹನ್ನೆರಡು ಮಂಚ. ತೊಳೆಯುವುದು, ಉಣಿಸುವುದು, ಕೊನೆಗೆ ಕಣ್ಣು ಮುಚ್ಚಿಸುವುದು ಹನ್ನೊಂದು ವರ್ಷಗಳಿಂದ ಇವರ ಕೆಲಸ.

ಪತಿ ಪೀರ್ ಪಾಷಾ ಲಾರಿ ಮೆಕ್ಯಾನಿಕ್ ಆಗಿದ್ದರು. ಬಾಯಿ ಕ್ಯಾನ್ಸರಿನಿಂದ ನಾಲ್ಕು ತಿಂಗಳು ಮನೆಯಲ್ಲೇ ನರಳಿ ತೀರಿಕೊಂಡರು. "ಈ ನೋವಿಗೂ ಮಾತ್ರೆ ಐತೆ ಅಂತ ಯಾರೂ ಯೇಳ್ಲಿಲ್ಲ. ಗೋಡೆಗೆ ತಲೆ ಚಚ್ಕೊಳೋರು. ನಾನು ದಿಂಬು ಅಡ್ಡ ಇಡ್ತಿದ್ದೆ, ಅಷ್ಟೇಯ."

ಶನಿವಾರ ಮಂಡ್ಯದಿಂದ ವಿದ್ಯಾರ್ಥಿಗಳು ಸೇವೆಗೆ ಬರುತ್ತಾರೆ. ಉಗುರು ಕತ್ತರಿಸುತ್ತಾರೆ, ಗಂಜಿ ಕುಡಿಸುತ್ತಾರೆ. ಬಿ.ಕಾಂ. ಓದುವ ಆಶ್ರಿತಾ ಬಂದ ಮೊದಲ ವಾರವೇ ಹೊಳಲಿನ ಮರಿಸಿದ್ದಯ್ಯ ಕೇಳಿದ್ದರು: "ನಾ ಉಳ್ಕೋತೀನಾ ಮಗ?"

ಆಶ್ರಿತಾ ಹೆದರಿದಳು. "ಉಳ್ಕೋತೀರ ತಾತ. ದೀಪಾವಳಿಗೆ ಮನೇಲಿರ್ತೀರ" ಎಂದುಬಿಟ್ಟಳು.

ಅಂದು ಸಂಜೆಯಿಂದಲೇ ಮರಿಸಿದ್ದಯ್ಯ ನೋವಿನ ಮಾತ್ರೆ ನುಂಗಲಿಲ್ಲ. "ಸಾಯೋರ್ ಮಾತ್ರೆ ನಂಗ್ಯಾಕೆ?" ಡಾಕ್ಟರ ಮಾತಿಗೂ ಜಗ್ಗದೆ, ಮೂರು ದಿನ ಹೊದಿಕೆ ಕಚ್ಚಿಕೊಂಡು ನರಳಿದರು. ನಾಲ್ಕನೆಯ ದಿನ ಮಹಮೂದಾ ಆಶ್ರಿತಾಳಿಗೆ ಫೋನ್ ಮಾಡಿದರು. "ನೀನೇ ಯೇಳಿದ್ದು. ನೀನೇ ಬಂದು ನಿಜ ಯೇಳು."

ಬಸ್ಸಿನಲ್ಲಿ ಅಳುತ್ತಲೇ ಬಂದಳಂತೆ. "ತಾತ, ನಾನು ಸುಳ್ಳು ಹೇಳ್ದೆ. ಭಯ ಆಗಿ ಹೇಳ್ಬಿಟ್ಟೆ."

ಮರಿಸಿದ್ದಯ್ಯ ಗೋಡೆ ಕಡೆಗೆ ಹೊರಳಿದರು. ಅಂದು ಸಂಜೆ ಮಾತ್ರೆ ನುಂಗಿದರು. ಮುಂದಿನ ಎರಡು ಶನಿವಾರ ಉಗುರು ಕತ್ತರಿಸಲು ಆಶ್ರಿತಾಳ ಮುಂದೆ ಕೈ ಚಾಚಿದರು, ಮಾತಾಡಲಿಲ್ಲ. ಮೂರನೆಯ ಶನಿವಾರ ಅವಳು ಬಂದಾಗ ಮಂಚ ಖಾಲಿಯಿತ್ತು.

"ಕ್ಷಮಿಸಿದ್ರೋ ಇಲ್ವೋ ಗೊತ್ತಿಲ್ಲ," ಎನ್ನುತ್ತಾಳೆ ಆಶ್ರಿತಾ. ಈಗಲೂ ಬರುತ್ತಾಳೆ. "ಯಾರಾದ್ರೂ ಹಂಗೆ ಕೇಳಿದ್ರೆ, ಈಗ ಉತ್ರ ಹುಡ್ಕಲ್ಲ. ಎದ್ದೂ ಹೋಗಲ್ಲ."

ಮಹಮೂದಾ ತಮ್ಮನ್ನೂ ಬಿಡುವುದಿಲ್ಲ. "ತಪ್ಪು ನಂದೂ ಐತೆ. ಒಳಿಕ್ ಬರೋ ಮುಂಚೇನೇ ಆ ಮಗೀಗೆ ಯೇಳ್ಬೇಕಿತ್ತು. ನಾಕು ದಿನದ ನೋವು ವಾಪಸ್ ತಗೊಳಕಾಯ್ತದಾ?"

ಎಷ್ಟು ಜನರನ್ನು ಕಳಿಸಿಕೊಟ್ಟಿರಿ ಎಂದರೆ ತಲೆಯಾಡಿಸುತ್ತಾರೆ. "ಅದ್ ಗೊತ್ತಿಲ್ಲ. ಒಂಟಿಯಾಗಿ ಪ್ರಾಣ ಬುಟ್ಟೋರು ಇಬ್ರು, ಅವ್ರ ಎಸ್ರು ಮರ್ತಿಲ್ಲ. ನಾ ಟೀ ಕುಡ್ಯಕ್ ಓಗಿದ್ದೆ. ಮಿಕ್ಕೋರ ಅತ್ರ ಯಾರಾದ್ರೂ ಒಬ್ರು ಕೂತೇ ಇದ್ರು."