ನಾನು ನೇತುಹಾಕಿದ ಹೌಸ್‌ಫುಲ್ ಬೋರ್ಡ್

ಥಿಯೇಟರಿನ ಗೇಟ್ ಕಾಯುವವನ ಮಗಳು ಇಂಜಿನಿಯರ್ ಆಗುವುದು ಈ ಜನ್ಮದಲ್ಲಿಲ್ಲ ಎಂದವರು ನಮ್ಮ ದೊಡ್ಡಪ್ಪ ನಂಜುಂಡಪ್ಪ. ಬಳೇಪೇಟೆಯ ತಮ್ಮ ಬಳೆ ಅಂಗಡಿಯಲ್ಲಿ, ಗಿರಾಕಿಗಳ ಎದುರಿಗೇ ಅಂದಿದ್ದರು. ಅಪ್ಪ ಮೆಜೆಸ್ಟಿಕ್ಕಿನ ಒಂದು ಥಿಯೇಟರಿನಲ್ಲಿ ಟಿಕೆಟ್ ಹರಿಯುತ್ತಿದ್ದರು. ನಾನು ಹಟ ಹಿಡಿದು ಓದಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು.

ನಾಲ್ಕು ವರ್ಷದ ಹಿಂದೆ ನಾನು ಚಾಮರಾಜಪೇಟೆಯ ಹಳೇ ಮನೆಯೊಂದರ ಮಹಡಿಯಲ್ಲಿದ್ದ ಗೇಮ್ ಕಂಪನಿಯಲ್ಲಿ ಸರ್ವರ್ ವಿಭಾಗದ ಮುಖ್ಯಸ್ಥೆ. ಹನ್ನೊಂದು ಜನ ಮೂರು ವರ್ಷ ಕೂತು ಒಂದು ಆನ್‌ಲೈನ್ ಆಟ ಕಟ್ಟಿದ್ದೆವು. ಎಲ್ಲೆಲ್ಲೋ ಇರುವ ಐವತ್ತು ಮಂದಿ ಒಂದೇ ಪಂದ್ಯದಲ್ಲಿ ಸೇರಿ ಆಡಬೇಕು. ಸಿನಿಮಾದ ಹಾಗೆಯೇ ಟೀಸರ್, ಪೋಸ್ಟರ್, ಶುಕ್ರವಾರದ ಬಿಡುಗಡೆ. ಜನ ಬಂದರೆ ಹನ್ನೊಂದು ಕೆಲಸ ಉಳಿಯುತ್ತವೆ, ಬಾರದಿದ್ದರೆ ಎತ್ತಂಗಡಿ.

ಶನಿವಾರ ಮಧ್ಯಾಹ್ನಕ್ಕೇ ಪಂದ್ಯ ಶುರುಮಾಡಲು ಜನ ಸಾಲಲಿಲ್ಲ. ನಾನೊಂದು ನಿಯಮ ಬರೆದೆ. ನಲವತ್ತು ಸೆಕೆಂಡಿನಲ್ಲಿ ಐವತ್ತು ಮಂದಿ ಸೇರದಿದ್ದರೆ ಉಳಿದ ಜಾಗಕ್ಕೆ ಬಾಟ್‌ಗಳು ಬಂದು ಕೂರಬೇಕು. ಬಾಟ್ ಎಂದರೆ ಮನುಷ್ಯರ ಹೆಸರಿಟ್ಟುಕೊಂಡು ತಾನೇ ಆಡುವ ಪ್ರೋಗ್ರಾಂ. ನಮ್ಮ ಕಸುಬಿನಲ್ಲಿ ಇದೇನೂ ಹೊಸದಲ್ಲ. ಮಾಲೀಕ ಸಂದೀಪ್ ಪರದೆ ನೋಡಿ ಎಲ್ಲಾ ಪಂದ್ಯವೂ ಫುಲ್ ಎಂದು ಮೈಸೂರುಪಾಕು ತರಿಸಿದರು. ಅದರಲ್ಲಿ ಬಾಟ್‌ಗಳೇ ಹೆಚ್ಚು ಎಂದು ನಾನು ನೆನಪಿಸಿದೆ.

"ಇರ್ಲಿ ಬಿಡ್ರೀ, ಜನ ಜನಾನ ನೋಡ್ಕೊಂಡೇ ಬರೋದು," ಎಂದರು. ನಾನೂ ಮೈಸೂರುಪಾಕು ತಿಂದೆ.

ಐದು ವಾರ ಕಳೆಯಿತು. ನಿಜವಾದ ಆಟಗಾರರು ದಿನದಿನಕ್ಕೆ ಕಡಿಮೆಯಾದರು, ಏಕೆಂದು ಯಾರಿಗೂ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ನಾನೇ ಹೆಸರು ಬದಲಿಸಿಕೊಂಡು ಪಂದ್ಯಕ್ಕೆ ಇಳಿದೆ. ನಲವತ್ತೆಂಟು ಬಾಟ್, ಒಬ್ಬ ಮನುಷ್ಯ ಮತ್ತು ನಾನು. ಆತ ಚಾಟ್‌ನಲ್ಲಿ ಬರೆದ: "ಯಾರಾದ್ರೂ ಮನುಷ್ಯರು ಇದೀರಾ?"

ನಾನಿದ್ದೇನೆ ಎಂದು ಬರೆದೆ.

"ನೀನೂ ಬಾಟೇ ಇರ್ಬೇಕು ಗುರು. ನಾವು ಆರು ಜನ ಫ್ರೆಂಡ್ಸ್ ಒಟ್ಟಿಗೆ ಆಡೋಣ ಅಂತ ಬರ್ತೀವಿ. ಒಬ್ಬ ಒಳಗೆ ಬಂದ್ಮೇಲೆ ಮಿಕ್ಕೋರು ಒಂದು ನಿಮಿಷ ಲೇಟಾದ್ರೂ ಫುಲ್ ಅಂತ ತೋರ್ಸತ್ತೆ. ಅವ್ರೆಲ್ಲ ಬಿಟ್ರು. ಇವತ್ತಿಂದ ನಾನೂ ಇಲ್ಲ."

ಅವನು ಹೊರಟುಹೋದ. ನಾನು ನನ್ನ ನಿಯಮ ತೆಗೆದು ಓದಿದೆ. ತಡವಾಗಿ ಮನುಷ್ಯ ಬಂದರೆ ಬಾಟ್ ಎದ್ದು ಜಾಗ ಬಿಡಬೇಕು ಎಂಬ ಒಂದು ಸಾಲನ್ನೇ ನಾನು ಬರೆದಿರಲಿಲ್ಲ. ಐದು ವಾರ ಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳಿಸಿದ್ದು ನಾನು. ಅರ್ಧ ಗಂಟೆಯಲ್ಲಿ ಸರಿಪಡಿಸಿದೆ. ಹೋದವರು ಬರಲಿಲ್ಲ.

ಆಟ ನಿಲ್ಲಿಸಿ ಸರ್ವರ್ ಬಂದ್ ಮಾಡಿದ್ದು ಒಂದು ಗುರುವಾರ. ಆ ಕೆಲಸವೂ ನನ್ನದೇ. ತಪ್ಪು ನನ್ನದೆಂದು ಎಲ್ಲರೆದುರು ಹೇಳಿದೆ. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹನ್ನೊಂದು ಜನರಿಗೂ ಅನುಭವ ಪ್ರಮಾಣಪತ್ರ ಕೊಟ್ಟರು. ನನ್ನದರಲ್ಲಿ 'ಅತ್ಯಂತ ದಕ್ಷ' ಎಂದಿತ್ತು. ಈಗ ಬೇರೆ ಕಡೆ ಕೆಲಸದಲ್ಲಿದ್ದೇನೆ. ಖಾಲಿ ಜಾಗವನ್ನು ಖಾಲಿ ಎಂದೇ ತೋರಿಸಬೇಕು, ಆ ಕೆಲಸ ಕಲಿಸಿದ್ದು ಇಷ್ಟು. ಹನ್ನೊಂದು ಜನರ ಮೂರು ವರ್ಷಕ್ಕೆ ಈ ಪಾಠ ತೀರಾ ದುಬಾರಿ.

ಪ್ರಮಾಣಪತ್ರ ಸಿಕ್ಕ ದಿನ ಮನೆಗೆ ಬಂದು ಅದನ್ನು ಅಪ್ಪನ ಕೈಗಿತ್ತೆ. ನಾನು ಏನು ಕೆಲಸ ಮಾಡುತ್ತೇನೆಂದು ಅವರಿಗೆ ಅದುವರೆಗೂ ಬಿಡಿಸಿ ಹೇಳಿರಲಿಲ್ಲ. ಅವರಿಗೇನು ತಿಳಿಯುತ್ತದೆ ಎಂಬ ಎಣಿಕೆ. ಅವತ್ತು ಎಲ್ಲವನ್ನೂ ಹೇಳಿದೆ. ಅಪ್ಪ ಕಾಗದವನ್ನು ಎರಡು ಸಲ ಓದಿ, ಮಡಿಕೆ ಬೀಳದಂತೆ ಮೇಜಿನ ಮೇಲಿಟ್ಟರು.

"ನಮ್ಮಲ್ಲೂ ಹಿಂಗೇ ಕಣಮ್ಮ. ಪ್ರೊಡ್ಯೂಸರ್ ಕಡೆಯೋರೇ ಟಿಕೆಟ್ ಎಲ್ಲಾ ಕೊಂಡ್ಕೊಂಡು ಹೌಸ್‌ಫುಲ್ ಬೋರ್ಡ್ ಹಾಕ್ಸೋರು. ಒಳಗೆ ನೋಡಿದ್ರೆ ಮೂವತ್ತು ಜನ. ನಿಜವಾಗ್ಲೂ ಸಿನಿಮಾ ನೋಡೋಕೆ ಬಂದೋರನ್ನ ನಾನೇ ಗೇಟಿಂದ ವಾಪಸ್ ಕಳಿಸ್ತಿದ್ದೆ. ಎರಡನೇ ವಾರಕ್ಕೆ ಆ ಮೂವತ್ತೂ ಇರ್ತಿರ್ಲಿಲ್ಲ." ಕಾಗದವನ್ನು ನನ್ನ ಕಡೆಗೆ ಸರಿಸಿ ಹೇಳಿದರು: "ನೀನು ಒಂದ್ಸಲ ಕೇಳಿದ್ರೆ ಹೇಳ್ತಿದ್ದೆ."