ದೊಡ್ಡಮ್ಮ ಕೊಟ್ಟ ಚೂರಿ

ಬೆಳಿಗ್ಗೆ ನೀರು ಸೇದಿದೆ, ಹಸು ಕರೆದೆ, ರಾಗಿ ಬೀಸಿದೆ, ಹುಣಸೆಹಣ್ಣಿನ ನಾರು ಬಿಡಿಸಿದೆ. ಕೊನೆಗೆ ಚೂರಿಗೆ ಹರಳೆಣ್ಣೆ ಸವರುತ್ತಿದ್ದಾಗ ಆ ವಾಸನೆಗೆ ದೊಡ್ಡಮ್ಮ ನೆನಪಾದರು. ನಂಟರಲ್ಲ, ಮಧುಗಿರಿಯ ನನ್ನ ತವರಿನ ಪಕ್ಕದ ಮನೆಯವರು.

ಅವರ ಹತ್ತಿರ ಮಿಡಿಗೇಶಿ ಕಡೆಯ ಕಮ್ಮಾರ ಮಾಡಿಕೊಟ್ಟ ಚೂರಿಯೊಂದಿತ್ತು. ಒಳ್ಳೆಯ ಉಕ್ಕು. ಮಾವಿನಕಾಯಿ ಹೆಚ್ಚಿದರೆ ಕೂಡಲೇ ತೊಳೆದು ಒರೆಸಿಡುತ್ತಿದ್ದರು, ನೀರಿನಲ್ಲಿ ನೆನೆಯಲು ಬಿಡುತ್ತಿರಲಿಲ್ಲ. ಯಾರಾದರೂ ಎರವಲು ಕೇಳಿದರೆ, "ಗಂಡನ್ನ ಬೇಕಾದ್ರೆ ಕರ್ಕೊಂಡೋಗ್ರೇ, ಚೂರಿ ಕೇಳ್ಬ್ಯಾಡಿ" ಎನ್ನುತ್ತಿದ್ದರು.

ನನ್ನ ಮೊದಲ ಕೂಸು ಹುಟ್ಟಿ ತಿಂಗಳು ತುಂಬುವ ಮೊದಲೇ ಹೋಗಿತ್ತು. ಎರಡನೆಯದು ಹೆಣ್ಣು. ಇದೂ ಉಳಿಯುವುದಿಲ್ಲ, ಯಾಕೆ ಹಚ್ಚಿಕೊಳ್ಳಲಿ ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟೆ... ಅವ್ವ ತಂದು ಎದೆಗೆ ಹಿಡಿದರೆ ಕುಡಿಯುತ್ತಿತ್ತು, ಅಷ್ಟೇ.

ಗಾಳಿ ಸೋಕದಿರಲೆಂದು ಬಾಣಂತಿಯ ತಲೆದಿಂಬಿನ ಕೆಳಗೆ ಕಬ್ಬಿಣ ಇಡಬೇಕಲ್ಲ, ದೊಡ್ಡಮ್ಮ ತಾವಾಗಿಯೇ ಆ ಚೂರಿ ತಂದುಕೊಟ್ಟರು. ಸೂತಕ ಕಳೆಯುವ ತನಕ ಅದು ಕೋಣೆಯಾಚೆ ಹೋಗುವಂತಿಲ್ಲ, ಬಾಣಂತಿಯಲ್ಲದೆ ಬೇರೆಯವರು ಮುಟ್ಟುವಂತಿಲ್ಲ. ಮರುದಿನದಿಂದಲೇ ಅವರು ಹೊಸ್ತಿಲಾಚೆ ನಿಂತು ಗದರತೊಡಗಿದರು.

"ಲೇ ಹುಡ್ಗಿ, ಎದ್ದು ಕುಂತ್ಕೊ. ಬೆವರಿಗೆ ನನ್ ಚೂರಿ ತುಕ್ಕು ಹಿಡಿದ್ಬುಟ್ರೆ ನಿಮ್ಮವ್ವ ತಂದ್ಕೊಡ್ತಾಳಾ? ಒರ್ಸು. ಬೆನ್ನಿಂದ ಬಾಯಿ ಕಡೆಗೆ... ಅಂಗಲ್ವೇ, ಬೆರಳು ಹೋಗ್ತದೆ! ಇಂಗೆ."

ಬೈಗುಳ ತಡೆಯಲಾರದೆ ಏಳುತ್ತಿದ್ದೆ. ಜರಡಿ ಹಿಡಿದ ಬೂದಿಯಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರುತ್ತಿದ್ದೆ. ದಿನವೂ ಇದೇ.

ಒಂದು ಮಧ್ಯಾಹ್ನ ಅವ್ವ ಹಿತ್ತಲಲ್ಲಿದ್ದಾಗ ಕೂಸು ಕಿರುಚಿತು. ನಾನು ಒರೆಸುತ್ತಲೇ ಕೂತಿದ್ದೆ. ಸೂತಕದ ಕೋಣೆ, ದೊಡ್ಡಮ್ಮ ಒಳಗೆ ಬರುವಂತಿರಲಿಲ್ಲ.

"ಚೂರಿ ಆ ಕಡೆ ಇಟ್ಬುಡು ಕಣಮ್ಮ. ಕೂಸ್ನ ಎತ್ಕೊ" ಎಂದರು, ಮೆತ್ತಗೆ.

ಎತ್ತಿಕೊಂಡೆ. ನನ್ನ ಕೈಯ ಎಣ್ಣೆ ಅದರ ಕೆನ್ನೆಗೆ ಹತ್ತಿತು. ಒರೆಸಲು ಬಗ್ಗಿದಾಗ ಮೊದಲ ಸಲ ಮಗಳ ಮುಖವನ್ನು ಸರಿಯಾಗಿ ನೋಡಿದೆ... ಒರೆಸಿ ಮುಗಿದರೂ ನೋಡುತ್ತಲೇ ಇದ್ದೆ.

ಹೆಸರಿಟ್ಟ ದಿನ ಚೂರಿ ಹಿಂದಿರುಗಿಸಲು ಹೋದೆ. "ನಮ್ಮನೇಲಿ ಹಳೇ ಕುಡುಗೋಲು ಇತ್ತಲ್ಲ ದೊಡ್ಡಮ್ಮ, ಇದನ್ಯಾಕೆ ಕೊಟ್ರಿ?"

"ಕುಡುಗೋಲು ತುಕ್ಕು ಹಿಡಿದ್ರೆ ನೀನು ಏಳ್ತಿದ್ದೇನೇ?" ಎಂದು ನಕ್ಕರು. "ನೀನೇ ಇಟ್ಕೊ, ಕೈ ಕುದುರೈತೆ."

ಅವರು ಹೋಗಿ ವರ್ಷಗಳಾದವು. ಸುದ್ದಿ ಕೊರಟಗೆರೆಯ ನನ್ನ ಗಂಡನ ಮನೆಗೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಒಂದು ಮಾತೂ ಹೇಳಿಕೊಳ್ಳಲಾಗಲಿಲ್ಲ...

ಆ ಕೂಸು ಈಗ ತುಂಬು ಬಸುರಿ, ಬಾಣಂತನಕ್ಕೆ ಬಂದಿದ್ದಾಳೆ. ಎಣ್ಣೆ ಸವರಿಟ್ಟ ಚೂರಿ ಅವಳ ತಲೆದಿಂಬಿಗೇ. ಇವತ್ತು ಮುದ್ದೆ, ಸೊಪ್ಪಿನ ಸಾರು ಮಾಡಿದ್ದೆ. ಇನ್ನಷ್ಟು ಕೇಳಿ ಹಾಕಿಸಿಕೊಂಡು ಉಂಡಳು. ಎಲ್ಲರಿಗಿಂತ ಮೊದಲು ಅವಳೇ ನಿದ್ದೆ ಹೋದಳು.