ಸಮುದ್ರ ಹೇಗುಂಟು, ಅದು ಹೇಳಿ

ಮೊನ್ನೆ ಕೇಪರ್ ಎಂಬ ಇಟಲಿಯ ಉಪ್ಪುಮೊಗ್ಗಿನ ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಉಪ್ಪಿನಲ್ಲಿಟ್ಟ ಮಾವಿನಕಾಯಿಯಂಥದ್ದೇ ವಾಸನೆ. ಎಕ್ಸ್‌ಪೈರಿ ತಾರೀಕು ನೋಡಲು ಹೊರಟವನು ಕನ್ನಡಕ ಕೈಯಲ್ಲೇ ಹಿಡಿದು ನಿಂತುಬಿಟ್ಟೆ... ಬಾಯಮ್ಮ ನೆನಪಾದರು.

ಅಲ್ ರೀಮ್ ಐಲ್ಯಾಂಡಿನಲ್ಲಿ ನಮ್ಮ ಎದುರಿನ ಫ್ಲ್ಯಾಟ್ ಅವರದು. ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸು, ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿಯೇ ಕೂದಲು ನರೆಸಿಕೊಂಡವರು. ವಾರ್ಡಿನ ಹಳೇ ಕ್ಯಾಲೆಂಡರಿನಲ್ಲಿ ಇಟಲಿಯ ಪಾಂತೆಲ್ಲೆರಿಯಾ ಎಂಬ ಪುಟ್ಟ ದ್ವೀಪದ ಚಿತ್ರವಿತ್ತಂತೆ. ಜ್ವಾಲಾಮುಖಿಯಿಂದ ಎದ್ದ ದ್ವೀಪ. ಕರಿಕಲ್ಲಿನ ಗೋಡೆಗಳ ನಡುವೆ ಕಾಲುದಾರಿ, ಸುತ್ತ ಸಮುದ್ರ. ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋಗುವ ಮೊದಲು ಆ ದಾರಿ ಹಿಡಿದು ಗುಡ್ಡದ ತುದಿ ಮುಟ್ಟಬೇಕೆಂಬುದು ಅವರ ಆಸೆ. ಅಡ್ಡಿಯೆಂದರೆ ಬಲಗಾಲಿನ ಮಂಡಿ. ಬೇಸಗೆಯಿಡೀ ಬಿಲ್ಡಿಂಗಿನ ಮೆಟ್ಟಿಲು ಹತ್ತಿಳಿದು ಅದನ್ನು ಪಳಗಿಸಿದರು. ಲಿಫ್ಟ್ ನಡುವೆ ನಿಂತರೆ ಗತಿಯೇನು ಎಂದು ಚಿಂತಿಸುತ್ತಲೇ ಲಿಫ್ಟಿನಲ್ಲಿ ಓಡಾಡುವ ನನಗೆ ಅವರೊಂದು ಸೋಜಿಗ.

ನಾವೂ ಜೊತೆಗೆ ಹೋಗುವುದೆಂದು ನನ್ನ ಹೆಂಡತಿ ತೀರ್ಮಾನಿಸಿದಳು. ಜ್ವಾಲಾಮುಖಿಗೆ ಇನ್ಶೂರೆನ್ಸ್ ಉಂಟಾ ಎಂದು ಟ್ರಾವೆಲ್ ಏಜೆಂಟನ್ನು ಕೇಳಿದವನು ನಾನು.

ದ್ವೀಪದ ಕಾಲುದಾರಿಯಲ್ಲಿ ಬಾಯಮ್ಮ ಕೊಡೆ ಊರಿಕೊಂಡು ಮುಂದೆ ಮುಂದೆ ನಡೆದರು. ದಾರಿ ಬದಿಯ ಪೊದೆಗಳಿಂದ ಒಬ್ಬ ಅಜ್ಜಿ ಕೇಪರ್ ಮೊಗ್ಗು ಕೀಳುತ್ತಿದ್ದಳು. ಅವಳ ಬಳಿಯಿದ್ದ, ಉಪ್ಪು ಹಾಕಿಟ್ಟ ಮೊಗ್ಗನ್ನು ಮೂಸಿದ ಬಾಯಮ್ಮ, "ಅಯ್ಯೋ, ಇದು ನಮ್ಮದೇ ಮಾರಾಯ್ರೆ!" ಎಂದು ಚೀಲದಿಂದ ಉಪ್ಪಿನಕಾಯಿ ಡಬ್ಬಿ ತೆಗೆದು ಅವಳ ಬಾಯಿಗೊಂದು ಹೋಳು ಇಟ್ಟರು. ಅಜ್ಜಿ ಕೆಮ್ಮಿದಳು, ಕಣ್ಣೊರೆಸಿಕೊಂಡಳು, ನಕ್ಕು ಬೊಗಸೆ ತುಂಬಾ ಮೊಗ್ಗು ಕೊಟ್ಟಳು. ಭಾಷೆಯ ಅಗತ್ಯವೇ ಬೀಳಲಿಲ್ಲ.

ಅರ್ಧ ಗುಡ್ಡಕ್ಕೆ ಮಂಡಿ ಊದಿತು. ಅಲ್ಲಿ ಬಂಡೆಯ ಸಂದುಗಳಿಂದ ಬಿಸಿ ಹಬೆ ಬರುತ್ತಿತ್ತು. ನಾನು ಓಡುವ ದಾರಿ ಹುಡುಕುತ್ತಿದ್ದರೆ, ಅವರು ಹಬೆಯ ಪಕ್ಕ ಕೂತು ಮಂಡಿ ಚಾಚಿದರು.

"ಶಾಖ ಪುಕ್ಕಟೆ, ಶೆಟ್ರೇ! ಆದರೆ ನನ್ನದು ಇಲ್ಲಿಗೆ ಖಲಾಸ್. ನೀವು ತುದಿಗೆ ಹೋಗಿ ನೋಡಿ ಬಂದು ಹೇಳಿ."

"ನಾನಾ? ಒಬ್ಬನೇ?"

"ಮತ್ತೆ, ನನ್ನ ಮಂಡಿಯನ್ನು ಕಳಿಸ್ಲಿಕ್ಕಾಗ್ತದಾ? ಯಲ್ಲಾ, ನಡೀರಿ."

ಕೊಡೆ ನನ್ನ ಕೈಗೆ ಬಂತು. ಹೆಂಡತಿ ಅವರ ಪಕ್ಕ ಕೂತು ನನ್ನತ್ತ ನೋಡದೆ ನಕ್ಕಳು.

ಹೇಗೋ ಹತ್ತಿದೆ, ಹೇಗೋ ಇಳಿದೆ. ಜಾರುವ ಕಲ್ಲು, ಬೀಸುವ ಗಾಳಿ, ನನ್ನ ಎದೆಬಡಿತ... ಒಂದೊಂದೇ ವರದಿ ಒಪ್ಪಿಸತೊಡಗಿದೆ. ಬಾಯಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದವರು ಕೈಯೆತ್ತಿದರು.

"ನಿಮ್ಮ ಹೆದರಿಕೆ ಸಾಕು. ಸಮುದ್ರ ಹೇಗುಂಟು, ಅದು ಹೇಳಿ."

ಅಷ್ಟು ಮೇಲೆ ಹೋದವನು ಕಾಲಬುಡವನ್ನೇ ನೋಡಿದ್ದೆ. ಅವರು ನಗಲಿಲ್ಲ, ಮುಖವೂ ಸಣ್ಣದಾಗಲಿಲ್ಲ. ಸುಮ್ಮನೆ ಗುಡ್ಡದ ಕಡೆಗೆ ಗದ್ದವೆತ್ತಿ ತೋರಿಸಿದರು. ಮತ್ತೆ ಹತ್ತಿದೆ. ಈ ಸಲ ನೋಡಿದೆ. ಕೆಳಗೆ ಬಂದು ಹೇಳಿದ್ದನ್ನು ಅವರು ಮಗುವಿನ ಹಾಗೆ ಕೇಳಿ, "ಹಾಂ, ಈಗ ನಾನೂ ಹೋಗಿ ಬಂದ ಹಾಗಾಯ್ತು" ಎಂದರು.

ಆಮೇಲೆ ಅವರು ಊರಿಗೆ ಹೋದರು. ಈ ವರ್ಷ ಊರಿಂದ ಅವರು ತೀರಿಕೊಂಡ ಸುದ್ದಿಯೂ ಬಂತು...

ಬಾಟಲಿ ಮುಚ್ಚಿಟ್ಟು ಸಂಜೆ ದಡದ ಕಡೆ ನಡೆದೆ. ನೀರು ಬೂದು ಬಣ್ಣಕ್ಕಿತ್ತು, ಅಂಚಿನಲ್ಲಿ ಮಾತ್ರ ಒಂದು ತಾಮ್ರದ ಗೆರೆ. ಚೆನ್ನಾಗಿ ನೋಡಿಕೊಂಡೆ. ಮನೆಗೆ ಬಂದು, ವರದಿ ಒಪ್ಪಿಸುವವನ ಹಾಗೆ ಎದುರಿನ ಬಾಗಿಲ ಮುಂದೆ ನಿಂತೆ. ಈಗ ಅಲ್ಲಿ ಯಾರದೋ ಮಕ್ಕಳ ಚಪ್ಪಲಿಗಳಿವೆ.